ಡ್ರೋನ್ ತರಬೇತಿಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ಭತ್ತದ ಗದ್ದೆಗೆ ಔಷಧಿ ಹೊಡೆಯಲೆಂದು ನಮ್ಮ ರೈತ ಸಂಘ ಕೊಂಡ ಹತ್ತು ಲೀಟರಿನ ಡ್ರೋನ್ ಈಗ ಗೋದಾಮಿನಲ್ಲಿ, ಗೊಬ್ಬರದ ಚೀಲಗಳ ಪಕ್ಕ, ಎರಡು ತೋಳು ಮುರಿದುಕೊಂಡು ಬಿದ್ದಿದೆ. ಹಾರಿಸುವವನನ್ನು ಆರಿಸಿದ ಸಮಿತಿಯಲ್ಲಿ ನಾನೂ ಇದ್ದೆ. ಹಾಗಾಗಿ ದೂರುವ ಹಕ್ಕು ನನಗೆ ಅರ್ಧ ಮಾತ್ರ.

ಮೊಬೈಲ್ ಆಟದಲ್ಲಿ ಊರಿಗೇ ಮೊದಲಿಗ ಎಂಬ ಒಂದೇ ಕಾರಣಕ್ಕೆ ಒಬ್ಬ ಹುಡುಗನನ್ನು ಆರಿಸಿದೆವು. ಕೇಳಿ ಬಂದಿದ್ದ ಇನ್ನೊಬ್ಬರು ಇಪ್ಪತ್ತು ವರ್ಷ ಬೆನ್ನಿಗೆ ಪಂಪು ಹೊತ್ತವರು. ಗಾಳಿ ಎದ್ದರೆ ಯಾರೂ ಹೇಳದೆಯೇ ಕೆಲಸ ನಿಲ್ಲಿಸುವವರು. ನಿಯಮ ಕೇಳುವುದು ಹತ್ತನೇ ತರಗತಿ ಪಾಸು, 18ರಿಂದ 65ರೊಳಗಿನ ವಯಸ್ಸು, ಎರಡೂ ಅವರಿಗಿತ್ತು. ‘ಇದೆಲ್ಲ ಅವರಿಗೆಲ್ಲಿ ಹಿಡಿಸುತ್ತದೆ’ ಎಂದು ನಾವೇ ನಕ್ಕೆವು.

ತರಬೇತಿ ಎರಡೇ ದಿನ. ಒಂದು ದಿನ ಪರದೆಯ ಮೇಲೆ ಚಿತ್ರ, ಮರುದಿನ ಬಯಲಿನಲ್ಲಿ ತಲೆಗೆ ಹತ್ತು ನಿಮಿಷ ಪುಟ್ಟ ಡ್ರೋನು. ಕಂಪ್ಯೂಟರಿನಲ್ಲೇ ಹಾರಿಸಿ ಕಲಿಯುವ ಸಿಮ್ಯುಲೇಟರ್ ಇರಲೇ ಇಲ್ಲ. ಕೇಂದ್ರದ ‘ಡ್ರೋನ್ ದೀದಿ’ ಯೋಜನೆಯಲ್ಲಿ ಮಹಿಳೆಯರಿಗೆ ಹದಿನೈದು ದಿನ ಕಲಿಸುತ್ತಾರೆ: ಐದು ದಿನ ಹಾರಾಟ, ಹತ್ತು ದಿನ ಸಿಂಪಡಣೆ. ಇದು ನಮಗೆ ಆಮೇಲೆ ತಿಳಿಯಿತು.

ಮೂರನೆಯ ದಿನವೇ ಅನಾಹುತ. ಆಚೆ ಬದುವಿನಲ್ಲಿ ಹುಡುಗ ಡ್ರೋನನ್ನು ತನ್ನತ್ತ ಮುಖ ಮಾಡಿ ತಿರುಗಿಸಿದ. ಹಾಗೆ ತಿರುಗಿದರೆ ಅದರ ಎಡ ನಮಗೆ ಬಲ. ಬಲಗಡೆಯ ತೆಂಗಿನ ಮರದತ್ತ ಅದು ಜಾರಿದಾಗ ಗಾಬರಿಯಲ್ಲಿ ರಿಮೋಟಿನ ಕಡ್ಡಿಯನ್ನು ಎಡಕ್ಕೆ ಒತ್ತಿದ. ಇನ್ನಷ್ಟು ಮರದ ಕಡೆಗೇ ಹೋಯಿತು. ಮತ್ತೂ ಎಡಕ್ಕೆ ಒತ್ತಿದ. ಗರಿಗಳಲ್ಲಿ ಪಟಪಟ ಸದ್ದು, ಆಮೇಲೆ ಕೆಸರಿಗೆ ಧೊಪ್ಪೆಂದು ಬಿತ್ತು. ಔಷಧಿಯೆಲ್ಲ ನಾಲೆಗೆ ಹರಿಯಿತು. ಪುಣ್ಯಕ್ಕೆ ಮರದ ಕೆಳಗೆ ಯಾರೂ ಇರಲಿಲ್ಲ.

ವಿಮೆಯವರು ಪೈಲಟ್ ಪ್ರಮಾಣಪತ್ರದ ಸಂಖ್ಯೆ ಕೇಳಿದರು. ನಮ್ಮ ಬಳಿ ಇದ್ದದ್ದು ಹೊಳೆಯುವ ಮುದ್ರೆಯ ಕಾಗದ. ತರಬೇತಿ ಕೇಂದ್ರಕ್ಕೆ ಫೋನ್ ಮಾಡಿದರೆ, ‘ಸಾರ್, ಅದು ಭಾಗವಹಿಸಿದ್ದಕ್ಕೆ ಕೊಟ್ಟ ಪತ್ರ, ಕೆಳಗಿನ ಸಾಲು ಓದಿ’ ಎಂದರು. ನಿಜ, ಇರುವೆ ಗಾತ್ರದ ಅಕ್ಷರದಲ್ಲಿ ಹಾಗೇ ಇತ್ತು. 2021ರ ಡ್ರೋನ್ ನಿಯಮಗಳ ಪ್ರಕಾರ ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯತೆ ಇರುವ ಸಂಸ್ಥೆಯಲ್ಲಿ ಕಲಿತು, ಪರೀಕ್ಷೆ ಪಾಸಾದವರಿಗಷ್ಟೇ ಅಸಲಿ ರಿಮೋಟ್ ಪೈಲಟ್ ಪ್ರಮಾಣಪತ್ರ ಸಿಗುತ್ತದೆ.

ಹಣ ಕಟ್ಟುವ ಮೊದಲು ಆ ಮಾನ್ಯತೆಯ ಪತ್ರ ಕೇಳಿ, ಸರ್ಕಾರದ ಜಾಲತಾಣದ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ, ತಲೆಗೆ ಎಷ್ಟು ಹೊತ್ತು ಹಾರಿಸಲು ಕೊಡುತ್ತಾರೆ ಎಂದು ಬರೆಸಿಕೊಳ್ಳಿ. ನಾವು ಇದೊಂದನ್ನೂ ಕೇಳಲಿಲ್ಲ. ಕಚೇರಿಯ ಗೋಡೆಯ ಮೇಲೆ ಮಂತ್ರಿಗಳ ಜೊತೆಗಿನ ಫೋಟೊ ಇತ್ತು, ಕಾಫಿಯೂ ಕೊಟ್ಟರು, ಕಟ್ಟಿ ಬಂದೆವು.