18 ತುಂಬಿದ ಮಗನಿಗೆ ಯಾವ ಆಸ್ಪತ್ರೆ? ನಾವು ಓಡಾಡಿ ಕಂಡಿದ್ದು

ಮಗನಿಗೆ ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಉಬ್ಬಿ, ಒಮ್ಮೆ ತೀರಾ ಕುಗ್ಗುವ ಕಾಯಿಲೆ) ಅಂತ ಗೊತ್ತಾದಾಗ ಅವನು ಪಿಯುಸಿ. ಮಕ್ಕಳನ್ನು ನೋಡುವ ಮನೋವೈದ್ಯರು ಚೆನ್ನಾಗಿಯೇ ನೋಡಿಕೊಂಡರು. 18 ತುಂಬಿದ ಮೇಲೆ, ಇನ್ನು ದೊಡ್ಡವರ ಡಾಕ್ಟರಿಗೆ ತೋರಿಸಿ ಅಂದರು. ಎಲ್ಲಿ, ಯಾರಿಗೆ? ಅದನ್ನು ಯಾರೂ ಹೇಳಲಿಲ್ಲ. ಮಂಡ್ಯ, ಮೈಸೂರು, ಬೆಂಗಳೂರು ಅಂತ ನಾವೇ ಅಲೆದು ನೋಡಿದೆವು. ನಮ್ಮ ಕಡೆ ಇಂಥ ಮನೆಗಳು ಎಷ್ಟೋ ಇವೆ, ಬಾಯಿ ಬಿಡುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ, ಮಗನಿಗೆ ಓದಿ ಹೇಳಿ, ಅವನು ಒಪ್ಪಿದ ಮೇಲೆ.

ನಾನು ನೋಡಿದ್ದು ಒಂದೇ ವಿಷಯ. ನಾನು ಜೊತೆಗಿಲ್ಲದೆ ಅವನೊಬ್ಬನೇ ಅಲ್ಲಿಗೆ ಹೋಗಿ, ತನ್ನ ಮಾತು ತಾನೇ ಆಡಿ, ಮಾತ್ರೆ ತಗೊಂಡು ಬರಬಹುದಾ?

ಮೊದಲು ಮೈಸೂರಿನ ಒಂದು ಖಾಸಗಿ ಕ್ಲಿನಿಕ್. ಸಂಜೆ ತೆರೆದಿರುತ್ತದೆ, ಕಾಲೇಜು ತಪ್ಪುವುದಿಲ್ಲ, ಪ್ರತಿ ಸಲ ಅದೇ ಡಾಕ್ಟರ್. ಇದೆಲ್ಲ ನಿಜಕ್ಕೂ ಅನುಕೂಲ. ಆದರೆ ಮಾತೆಲ್ಲ ನನ್ನ ಜೊತೆ. "ಅಮ್ಮಾ, ರಾತ್ರಿ ನಿದ್ದೆ ಮಾಡ್ತಾನಾ?" ಅಂತ ನನ್ನನ್ನು ಕೇಳುವಾಗ ಮಗ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದ. ಫೀಸು, ಮಾತ್ರೆ, ರಕ್ತ ಪರೀಕ್ಷೆ ಎಲ್ಲಾ ಕೈಯಿಂದಲೇ.

ಆಮೇಲೆ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಚೀಟಿ ಮಾಡಿಸಿ ಕ್ಯೂ ನಿಂತರೆ ಬೆಳಗ್ಗೆಯೆಲ್ಲಾ ಹೋಯಿತು. ಅಲ್ಲಿ ಓದುತ್ತಲೇ ರೋಗಿಗಳನ್ನು ನೋಡುವ ಪಿಜಿ ಡಾಕ್ಟರ್‌ಗಳು ಬದಲಾಗುತ್ತಲೇ ಇರುತ್ತಾರೆ, ಹಳೇ ಕಥೆಯನ್ನು ಮತ್ತೆ ಮೊದಲಿಂದ ಹೇಳಬೇಕು. ನನಗಂತೂ ಸಿಟ್ಟು ಬರುತ್ತಿತ್ತು. ಆದರೆ ಅವರು ಕೇಳುತ್ತಿದ್ದದ್ದು ಮಗನನ್ನು. "ಸ್ವಲ್ಪ ಹೊರಗಿರಿ ಅಮ್ಮಾ" ಅಂತ ನನ್ನನ್ನು ಕಳಿಸಿ ಅವನ ಜೊತೆ ಮಾತಾಡುತ್ತಿದ್ದರು. ಹೇಳೀ ಹೇಳೀ ತನ್ನ ಕಾಯಿಲೆಯನ್ನು ವಿವರಿಸುವುದು ಅವನಿಗೇ ಬಂತು. ಈ ಕಾಯಿಲೆಗೆ ಅವನು ತಗೊಳ್ಳುವ ಲಿಥಿಯಂ ಮಾತ್ರೆ ಬಗ್ಗೆ ಅವನಿಗೆ ನೇರವಾಗಿ ಬಿಡಿಸಿ ಹೇಳಿದ್ದೂ ಅಲ್ಲೇ: ರಕ್ತದಲ್ಲಿ ಅದರ ಮಟ್ಟವನ್ನು, ಜೊತೆಗೆ ಥೈರಾಯ್ಡ್, ಕಿಡ್ನಿಯನ್ನು ಆಗಾಗ ಪರೀಕ್ಷೆ ಮಾಡಿಸಬೇಕು, ವಾಂತಿ ಭೇದಿ ಆದಾಗ ಅಥವಾ ಬಿಸಿಲಲ್ಲಿ ಆಡಿ ತುಂಬಾ ಬೆವರಿದಾಗ ಅದು ಮೈಯಲ್ಲಿ ಜಾಸ್ತಿಯಾಗಬಹುದು, ಮೈಕೈ ನೋವಿಗೆ ಅಂತ ಸುಮ್ನೆ ಅಂಗಡಿಯಿಂದ ಐಬುಪ್ರೊಫೇನ್ ತಗೋಬಾರದು, ಕೈ ನಡುಗಿ ತೂರಾಡುವ ಹಾಗಾದರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಹಾಸ್ಟೆಲ್ಲಿಗೋ ಕೆಲಸಕ್ಕೋ ಹೋಗುವ ಹುಡುಗ ತಿಳಿದಿರಬೇಕಾದದ್ದು ಇದು. ನನ್ನ ತಲೆಯಲ್ಲಿದ್ದರೆ ಏನು ಬಂತು?

ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋದೆವು. ದೊಡ್ಡ ಹೆಸರಿನ ಮಾನಸಿಕ ಆಸ್ಪತ್ರೆ ಅದು. ಮಕ್ಕಳಿಗೆ, ಹದಿಹರೆಯದವರಿಗೆ ಬೇರೆ ವಿಭಾಗ ಇದೆ, ಕೆಲಸ ಕಲಿಸುವ ಪುನರ್ವಸತಿ ಸೇವೆಯೂ ಇದೆ. ರೋಗ ಯಾವುದು ಅಂತಲೇ ಗೊಂದಲ ಇದ್ದರೆ ಖಂಡಿತ ಹೋಗಿ. ಪ್ರತಿ ತಿಂಗಳ ಮಾತ್ರೆಗೆ ಮಾತ್ರ ನಮ್ಮೂರಿಂದ ದೂರ ಆಯಿತು.

ತಾಲ್ಲೂಕು ಆಸ್ಪತ್ರೆಗೆ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಸೈಕಲ್ಲಲ್ಲೇ ಹೋಗಬಹುದು, ಮಾತ್ರೆಗೆ ದುಡ್ಡಿಲ್ಲ. ನಾವು ಹೋದ ಕಡೆ ಕೆಲವೊಮ್ಮೆ ಸ್ಟಾಕ್ ಇರಲಿಲ್ಲ. ಅದಕ್ಕಿಂತ ಕಷ್ಟ ಅಂದರೆ ಕ್ಯೂನಲ್ಲಿ ಊರವರೇ ಸಿಗುತ್ತಾರೆ, "ಯಾಕ್ಲಾ ಮಗ, ಏನಾಯ್ತು?" ಅಂತ ಎಲ್ಲರೆದುರು ಕೇಳುತ್ತಾರೆ. ಅವನು ಮತ್ತೆ ಬರಲ್ಲ ಅಂದ.

ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಬಾರದ ರಾತ್ರಿ ಮಗ ತಾನೇ ಫೋನ್ ಮಾಡಿದ್ದಾನೆ. ಆಸ್ಪತ್ರೆಯ ಬದಲಿಗಲ್ಲ, ಜೊತೆಗೆ ಇರಲಿ.

ಈಗ ಕಾಲೇಜು ಆಸ್ಪತ್ರೆಯನ್ನೇ ಹಿಡಿದಿದ್ದೇವೆ. ಅವನೊಬ್ಬನೇ ಹೋಗಿ ಬರುತ್ತಾನೆ. ಕ್ಯೂ ಇದ್ದರೂ ನನ್ನ ಆಯ್ಕೆ ಅದೇ.

ಎಲ್ಲಿಗೇ ಹೋದರೂ ಎರಡು ಕೆಲಸ ಮಾಡಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ 18 ತುಂಬಿದವರು ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾವೇ ಆರಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಬೇಕು, ಪ್ರತಿನಿಧಿಯಾಗುವವರೂ ಒಪ್ಪಿಗೆ ಬರೆದುಕೊಡಬೇಕು. ನಮ್ಮವನು ಬರೆದದ್ದು ಅವನ ಅಕ್ಕನ ಹೆಸರು. ನಾನು ಒಪ್ಪಿದೆ, ಮನಸ್ಸು ಕೆಟ್ಟಾಗಲೂ ಅವನು ಅವಳ ಫೋನ್ ಎತ್ತುತ್ತಾನೆ. ಇನ್ನೊಂದು, 17ರಲ್ಲೇ ಹಳೇ ಡಾಕ್ಟರ್ ಹತ್ತಿರ ಪೂರ್ತಿ ವಿವರ ಬರೆಸಿಕೊಳ್ಳಿ: ಯಾವ ಮಾತ್ರೆ ಒಗ್ಗಿತು, ಯಾವುದು ಒಗ್ಗಲಿಲ್ಲ, ಯಾಕೆ ನಿಲ್ಲಿಸಿದರು. ದಾಖಲೆ ಕೇಳುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಆ ಕಾಗದ ನಿಮ್ಮ ಬೀರುವಿನಲ್ಲಿ ಬೇಡ, ಮಗನ ಬ್ಯಾಗಿನಲ್ಲಿರಲಿ.