ಮುಚ್ಚಳದಲ್ಲೇ ಬ್ರಷ್ ಇರುವ ಡಾರ್ಕ್ ಬ್ರೌನ್ ವಾಶ್: ಎರಡು ವರ್ಷ ಬಳಸಿದ ಮೇಲೆ

ವಾಶ್ ಅಂದರೆ ಪ್ಲಾಸ್ಟಿಕ್ ಮಾಡೆಲ್ಲಿನ ಸಂದಿಗಳಿಗೆ ಇಳಿದು ನೆರಳಿನಂತೆ ಕಾಣುವ ತೆಳು ಬಣ್ಣ. 40 ಮಿಲಿಲೀಟರಿನ ರೆಡಿಮೇಡ್ ಎನಾಮೆಲ್ ವಾಶ್ ಯಾವುದು ಅಂತ ಮಾಡೆಲ್ ಕಟ್ಟುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ರ್ಯಾಂಡಿನ ಹೆಸರು ಬೇಡ, ಈ ಜಾತಿಯ ಬಾಟಲಿಗಳ ಗುಣದೋಷ ಹೆಚ್ಚುಕಮ್ಮಿ ಒಂದೇ. ನಿಜದ ವಿಮಾನದ 48ನೇ ಒಂದು ಅಳತೆಯ (1/48) ಸ್ಪಿಟ್‌ಫೈರ್‌ನ, ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನದ, ಕಾಕ್‌ಪಿಟ್ಟಿಗೆ ಅರ್ಧ ಮಿಲಿಲೀಟರೂ ಹಿಡಿಯುವುದಿಲ್ಲ, ಹಾಗಾಗಿ ಎರಡು ವರ್ಷವಾದರೂ ಬಾಟಲಿ ಅರ್ಧಕ್ಕೆ ಇಳಿದಿಲ್ಲ. ಬೇಗ ಬೆಂಕಿ ಹಿಡಿಯುವ ದ್ರವವಾದ್ದರಿಂದ ಪಾರ್ಸೆಲ್ ವಿಮಾನದಲ್ಲಲ್ಲ, ನೆಲದ ಮೇಲೆಯೇ, ನಿಧಾನವಾಗಿ ಬರುತ್ತದೆ. ಕೊರಿಯರ್ ಖರ್ಚು ನೋಡಿದರೆ ಒಂದೇ ಬಾಟಲಿ ತರಿಸುವುದು ದಂಡ, ಬೇರೆ ಬಣ್ಣಗಳ ಜೊತೆ ಸೇರಿಸಿ ತರಿಸಿ.

ಮೊದಲು ಖುಷಿ ಕೊಟ್ಟದ್ದನ್ನೇ ಹೇಳುತ್ತೇನೆ. ಕಾಕ್‌ಪಿಟ್ಟಿನ ಪಕ್ಕದ ಗೋಡೆಯ ಒಂದು ಪಕ್ಕೆಲುಬಿನ ಬುಡಕ್ಕೆ ಬ್ರಷ್ಷಿನ ತುದಿ ಮುಟ್ಟಿಸಿದರೆ ಸಾಕು, ಬಣ್ಣ ಸಂದಿ ಹಿಡಿದು ತಾನೇ ಓಡುತ್ತದೆ. ರಿವೆಟ್ಟಿನ ಸುತ್ತ ಸಣ್ಣ ಉಂಗುರ, ಥ್ರಾಟಲ್ ಡಬ್ಬಿಯ ಅಂಚಿಗೆ ಕೂದಲೆಳೆಯ ಗೆರೆ. ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ಹಸಿರು ತುಂಡಿಗೆ ಆಳ ಬಂದುಬಿಡುತ್ತದೆ. ಸ್ಪಿಟ್‌ಫೈರ್‌ನ ಬೂದು ಹಸಿರಿನ ಮೇಲೆ ಕಪ್ಪು ವಾಶ್ ಮಸಿ ಬಳಿದಂತೆ ಕಾಣುತ್ತದೆ, ಅಲ್ಲಿ ಡಾರ್ಕ್ ಬ್ರೌನೇ ಸರಿ. 2025ರಲ್ಲಿ ನಮ್ಮ ವಾಯುಪಡೆಯಿಂದ ನಿವೃತ್ತಿಯಾದ ಮಿಗ್-21ರ ನೀಲಿ ಹಸಿರು ಕಾಕ್‌ಪಿಟ್ಟಿಗೆ ಮಾತ್ರ ಬ್ರೌನ್ ಬೇಡ, ತುಕ್ಕಿನ ನೀರು ಸುರಿದ ಹಾಗಾಗುತ್ತದೆ, ಗಾಢ ಬೂದು ಹಾಕಿ. ಜರ್ಮನ್ ವಿಮಾನಗಳ ಕಡು ಬೂದಿನಲ್ಲಿ ಯಾವ ವಾಶೂ ಅಷ್ಟಾಗಿ ಎದ್ದು ಕಾಣದು. ಅಲ್ಲಿ ತಿಳಿ ಬೂದಿನಿಂದ ಡ್ರೈಬ್ರಷ್ ಮಾಡುವುದೇ, ಅಂದರೆ ಬಹುತೇಕ ಒರೆಸಿದ ಬ್ರಷ್ಷಿನಿಂದ ಉಬ್ಬುಗಳ ಮೇಲೆ ಸವರುವುದೇ, ವಾಸಿ.

ಪ್ರತಿ ಸಲ ಮಾಡುವ ಶಾಸ್ತ್ರ ಒಂದಿದೆ. ಬಣ್ಣವೆಲ್ಲ ತಳದಲ್ಲಿ ಕೂತಿರುತ್ತದೆ, ಕುಲುಕಿದರೆ ಸಾಲದು. ಟೂತ್‌ಪಿಕ್ ಇಳಿಸಿ ತಳ ಕೆರೆದು, ಆಮೇಲೆ ಒಂದು ನಿಮಿಷ ಕುಲುಕಿ. ಮುಚ್ಚಳದ ಬ್ರಷ್ ರೆಕ್ಕೆಯ ಗೆರೆಗಳಿಗೆ ಸರಿ, ಕಾಕ್‌ಪಿಟ್ಟಿಗೆ ಪೊರಕೆ. ಒಂದೇ ಸ್ಪರ್ಶಕ್ಕೆ ಸೈಡ್ ಕನ್ಸೋಲ್ ಪೂರ್ತಿ ಮುಳುಗುತ್ತದೆ. ಅದರಿಂದ ಎರಡು ಹನಿ ತಟ್ಟೆಗೆ ಬಿಟ್ಟು 00 ನಂಬರಿನ ಬ್ರಷ್ಷಿನಲ್ಲಿ ಎತ್ತಿ. ಮುಗಿದ ಮೇಲೆ ಬಾಟಲಿಯ ಕತ್ತು ಒರೆಸಿ, ಮರೆತರೆ ಮುಚ್ಚಳ ಸರಿಯಾಗಿ ಕೂರದೆ ಥಿನ್ನರ್ ಹಾರಿಹೋಗುತ್ತದೆ. ದಪ್ಪವಾದರೆ ಎರಡು ಮಿಲಿಲೀಟರ್ ಎನಾಮೆಲ್ ಥಿನ್ನರ್ ಸೇರಿಸಿದರೆ ಮತ್ತೆ ಜೀವ ಬರುತ್ತದೆ.

ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಹಾಕಿದರೆ ವಾಶ್ ಓಡುವುದಿಲ್ಲ, ಒದ್ದೆ ಲೋಟ ಇಟ್ಟ ಗುರುತಿನಂಥ ಕಲೆ ನಿಲ್ಲುತ್ತದೆ. ಹೊಳಪಿನ ಅಕ್ರಿಲಿಕ್ ವಾರ್ನಿಶ್ ತೆಳುವಾಗಿ ಎರಡು ಪದರ ಹೊಡೆದು 24 ಗಂಟೆ ಬಿಡಿ, ಮಳೆಗಾಲದಲ್ಲಿ 48. ವಾಶ್ ಹಾಕಿ ಇಪ್ಪತ್ತು ನಿಮಿಷದ ಮೇಲೆ, ಎನಾಮೆಲ್ ಥಿನ್ನರಿನಲ್ಲಿ ಅದ್ದಿ ಟಿಶ್ಯೂಗೆ ಒತ್ತಿ ಹಿಂಡಿದ ಇಯರ್‌ಬಡ್‌ನಿಂದ ಗೋಡೆಗಳನ್ನು ಮೇಲಿನಿಂದ ಕೆಳಕ್ಕೆ ಒರೆಸಿ. ಅಪ್ಪಿತಪ್ಪಿ ಲ್ಯಾಕರ್ ಥಿನ್ನರ್ ಮುಟ್ಟಿಸಿದಿರೋ, ಬಣ್ಣವೂ ವಾರ್ನಿಶ್ಶೂ ಒಟ್ಟಿಗೇ ಎದ್ದುಬರುತ್ತವೆ.

ಇಷ್ಟರವರೆಗೆ ಐದಕ್ಕೆ ಐದು ಅಂಕ. ಈಗ ಅಸಲಿ ತಕರಾರು: ಈ ವಾಶ್ ಪ್ಲಾಸ್ಟಿಕ್ ಸೀಳುತ್ತದೆ.

ಬಣ್ಣದ ಮೇಲಲ್ಲ, ಬಣ್ಣ ತಲುಪದ ಕಡೆ. ಅಚ್ಚಿನಿಂದ ಬಂದ ಪಾಲಿಸ್ಟೈರೀನ್ ತುಂಡಿನೊಳಗೆ ಮೊದಲೇ ಬಿಗುವು ಇರುತ್ತದೆ. ಅದನ್ನು ಬಲವಂತವಾಗಿ ಕೂರಿಸಿ, ಟೇಪ್ ಬಿಗಿದು ಅಂಟಿಸಿದರೆ ಬಿಗುವು ಇನ್ನೂ ಹೆಚ್ಚುತ್ತದೆ. ಅಂಥ ಕಡೆ ಬರಿಯ ಪ್ಲಾಸ್ಟಿಕ್ಕಿಗೆ ಥಿನ್ನರ್ ಇಳಿದರೆ ಗಾಜಿನ ಹಾಗೆ ಬಿರುಕು. ಕಾಕ್‌ಪಿಟ್ಟಿಗೆ ಈ ಶಾಪ ಜಾಸ್ತಿ, ಏಕೆಂದರೆ ಅಲ್ಲಿ ಎಲ್ಲವೂ ತೆಳು. ಸೀಟಿನ ಹಿಂದಿನ ಫ್ರೇಮ್, ಪೆಡಲಿನ ತೋಳು, ಸ್ಪ್ರೂನಿಂದ (ತುಂಡುಗಳು ಅಂಟಿಕೊಂಡು ಬರುವ ಚೌಕಟ್ಟಿನಿಂದ) ಕತ್ತರಿಸಿದ ಬಿಳಿ ತುದಿಗಳು, ಇವೇ ಮೊದಲು ಹೋಗುವುದು. ಮುಂಭಾಗಕ್ಕೆ ಹಾಕಿದ ವಾಶ್ ಸಂದಿಯಿಂದ ಹಿಂದಕ್ಕೆ ಇಳಿದು, ಏರ್‌ಬ್ರಷ್ ಮುಟ್ಟದ ಬೆನ್ನಿನಲ್ಲಿ ಗಂಟೆಗಟ್ಟಲೆ ಒದ್ದೆಯಾಗಿ ಕೂರುತ್ತದೆ. ಅವತ್ತು ಏನೂ ಕಾಣದು. ಮರುದಿನ ಬಾಡಿಯ ಎರಡು ಹೋಳು ಒತ್ತುವಾಗ ಟಿಕ್ ಅನ್ನುವ ಸದ್ದು, ಫ್ರೇಮ್ ಎರಡು ತುಂಡು. ಬಾಟಲಿಯ ಮೇಲೆ ಇದರ ಬಗ್ಗೆ ದೊಡ್ಡ ಅಕ್ಷರದ ಎಚ್ಚರಿಕೆ ಇಲ್ಲದಿರುವುದು ಸಿಟ್ಟು ತರಿಸುವ ವಿಷಯ.

ಉಪಾಯ ಇದೆ, ಆದರೆ ಕೆಲಸ ಹೆಚ್ಚು. ತುಂಡುಗಳ ಬೆನ್ನಿಗೂ ಪ್ರೈಮರ್ ಮತ್ತು ವಾರ್ನಿಶ್ ಹೊಡೆಯಬೇಕು. ಕತ್ತರಿಸಿದ ತುದಿಗಳಿಗೆ ಬ್ರಷ್ಷಿನಲ್ಲಿ ಬಣ್ಣ ಮುಟ್ಟಿಸಬೇಕು. ವಾಶ್ ಹಾಕುವಾಗ ಕ್ಲಿಪ್, ಟೇಪ್ ಯಾವುದೂ ಇರಬಾರದು. ಸಂದಿಯಲ್ಲಿ ಕೊಳ ಕಟ್ಟಿದರೆ ಒಣಗಿದ ಬ್ರಷ್ಷಿನಿಂದ ತಕ್ಷಣ ಹೀರಿಕೊಳ್ಳಿ. ಗನ್‌ಸೈಟಿನ ಪಾರದರ್ಶಕ ತುಂಡು ಇನ್ನೂ ನಾಜೂಕು, ಎಲ್ಲ ಮುಗಿದ ಮೇಲೆ ಕೂರಿಸಿ. ಪಾಲಿಸ್ಟೈರೀನ್ ಬದಲು ರೆಸಿನ್ ಸೀಟು ಹಾಕಿದವರಿಗೆ ಮಾತ್ರ ಸೀಟಿನ ಚಿಂತೆ ಇಲ್ಲ.

ಇಷ್ಟೆಲ್ಲ ಮಾಡಬೇಕಾದರೆ ರೆಡಿಮೇಡ್ ಯಾಕೆ? ಸ್ಟೇಷನರಿ ಅಂಗಡಿಯ ಆರ್ಟಿಸ್ಟ್ ಆಯಿಲ್ ಬಣ್ಣದಲ್ಲಿ ಬರ್ಂಟ್ ಅಂಬರ್ ಟ್ಯೂಬ್ ತನ್ನಿ. ಕಡಲೆಕಾಳಿನಷ್ಟು ರಟ್ಟಿನ ಮೇಲೆ ಹಿಂಡಿ ಮೂರು ನಾಲ್ಕು ಗಂಟೆ ಬಿಟ್ಟರೆ ಎಣ್ಣೆಯನ್ನು ರಟ್ಟು ಹೀರುತ್ತದೆ. ಅದರ ಹತ್ತು ಪಟ್ಟು ವೈಟ್ ಸ್ಪಿರಿಟ್ (ಬಣ್ಣ ತೆಳು ಮಾಡುವ ದ್ರವ, ವಾಸನೆಯಿಲ್ಲದ್ದು) ಹಾಕಿ ಕಲಸಿದರೆ ವಾಶ್ ರೆಡಿ. ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್ ಬೇಡ, ಅದು ಇನ್ನೂ ಖಾರ. ಇದು ಒಣಗಲು ಒಂದೆರಡು ದಿನ ಬೇಕು ಅನ್ನುವುದೇ ಕೊರತೆ, ಆದರೆ ತಪ್ಪು ತಿದ್ದಲು ಅಷ್ಟೇ ಸಮಯವೂ ಸಿಗುತ್ತದೆ.

ಯಾವ ವಾಶ್ ಹಾಕಿದರೂ ಮೇಲೆ ಮ್ಯಾಟ್ ವಾರ್ನಿಶ್, ಆಮೇಲೆ ಪ್ರತಿ ಡಯಲ್ಲಿಗೆ ಒಂದೊಂದು ಚುಕ್ಕೆ ಹೊಳಪಿನ ವಾರ್ನಿಶ್. ಜೋರು ಮಳೆಯ ದಿನ ಮ್ಯಾಟ್ ಹೊಡೆಯಬೇಡಿ, ತೇವಕ್ಕೆ ಬಿಳಿಚಿಕೊಳ್ಳುತ್ತದೆ. ಬಣ್ಣ ಸವೆದು ಲೋಹ ಕಂಡಂತೆ ಮಾಡಲು ಬೆಳ್ಳಿ ಪೆನ್ಸಿಲ್ ಹಿಡಿಯುವ ಮೊದಲು ಒಂದು ಮಾತು: ಸ್ಪಿಟ್‌ಫೈರ್‌ಗೆ ಪೈಲಟ್ ಹತ್ತುವುದು ಎಡಬಾಗಿಲಿನಿಂದ, ಸವೆತ ಅಲ್ಲಿಯ ಹೊಸ್ತಿಲಿಗೆ ಮತ್ತು ಪೆಡಲಿನ ಕೆಳಗೆ ಹಿಮ್ಮಡಿ ಉಜ್ಜುವ ತೊಟ್ಟಿಗಳಿಗೆ. ಸ್ಪಿಟ್‌ಫೈರ್‌ನ ಕೆಂಗಂದು ಸೀಟು ಲೋಹದ್ದಲ್ಲ, ರಾಳದಲ್ಲಿ ಅದ್ದಿ ಒತ್ತಿದ ಪದರಗಳದ್ದು. ಅದರ ಅಂಚಿಗೆ ಬೆಳ್ಳಿ ಗೀಚಿದ ಮಾಡೆಲ್‌ಗಳು ಎಷ್ಟೋ. ಸ್ವಲ್ಪ ತಿಳಿಯಾದ ಕಂದು ಉಜ್ಜಿದರೆ ಸಾಕು.

ಬಾಟಲಿಯನ್ನು ಎಸೆದಿಲ್ಲ. ಈಗ ಅದು ಚಕ್ರದ ಗೂಡಿಗೆ ಮತ್ತು ರೆಕ್ಕೆಯ ಗೆರೆಗಳಿಗೆ ಮೀಸಲು.