ಶಾಟ್ ಎಣಿಸೋಕೆ ಯಾವ್ದು ಒಳ್ಳೇದು: ಬಾಡಿಗೆ ಡಬ್ಬಿ, ಓಪಿಸಿ ಯುಎ, ಇಲ್ಲಾ ಇಎಸ್‌ಪಿ32?

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಇಎಸ್‌ಪಿ32 ಅನ್ನೋ ವೈಫೈ ಇರೋ ಸಣ್ಣ ಸರ್ಕ್ಯೂಟ್ ಬೋರ್ಡಿಗೇ. ಪೀಣ್ಯದಲ್ಲಿ ನಮ್ದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಶೆಡ್ಡು, ಹಳೇ ಹೈಡ್ರಾಲಿಕ್ ಮಷೀನ್‌ಗಳೇ ಜಾಸ್ತಿ, ಹೊಸದು ಅಂತ ಇರೋದು ಒಂದೇ. ರಾತ್ರಿ ಶಿಫ್ಟಲ್ಲಿ ಎಷ್ಟು ಶಾಟ್ (ಡೈಗೆ ಒಂದು ಸಲ ಪ್ಲಾಸ್ಟಿಕ್ ತುಂಬಿ ಪಾರ್ಟ್ ತೆಗೆದ್ರೆ ಒಂದು ಶಾಟ್) ಬಿತ್ತು, ಮಷೀನ್ ಎಷ್ಟೊತ್ತು ನಿಂತಿತ್ತು, ಇಷ್ಟು ಗೊತ್ತಾದ್ರೆ ನಂಗೆ ಸಾಕಿತ್ತು, ಯಾಕಂದ್ರೆ ಲಾಗ್ ಬುಕ್ಕಿಗೂ ಬೆಳಿಗ್ಗೆ ಎಣಿಸೋ ಕ್ರೇಟಿಗೂ ಯಾವತ್ತೂ ತಾಳಮೇಳ ಇರ್ತಿರ್ಲಿಲ್ಲ.

ಮೊದ್ಲು ಹಾಕ್ಸಿದ್ದು ಬಾಡಿಗೆ ಡಬ್ಬಿ. ಮೇನ್ ಕೇಬಲ್‌ಗೆ ಕರೆಂಟ್ ಅಳೆಯೋ ಒಂದು ಸಿಟಿ ಕ್ಲ್ಯಾಂಪ್ ಹಾಕ್ತಾರೆ, ಕರೆಂಟ್ ಏರಿಳಿತ ನೋಡಿ ಮಷೀನ್ ಓಡ್ತಿದೆಯಾ ನಿಂತಿದೆಯಾ ಅಂತ ಮೊಬೈಲಿಗೆ ತೋರ್ಸತ್ತೆ, ಮಷೀನಿಗೆ ಇಷ್ಟು ಅಂತ ತಿಂಗಳ ಬಾಡಿಗೆ. ಡೆಮೋದಲ್ಲಿ ಸೂಪರ್. ಆಮೇಲೆ ನೋಡಿದ್ರೆ ಊಟದ ಟೈಮಲ್ಲೂ ಹಸಿರು ದೀಪ! ಆಪರೇಟರ್ ಕ್ಯಾಂಟೀನಲ್ಲಿದ್ದಾನೆ, ಪಂಪ್ ಆಫ್, ಆದ್ರೂ 'ರನ್ನಿಂಗ್'. ವಿಷ್ಯ ಏನಂದ್ರೆ ಪ್ಲಾಸ್ಟಿಕ್ ಕರಗಿಸೋ ಬ್ಯಾರೆಲ್ ಹೀಟರ್‌ಗಳನ್ನ ಊಟಕ್ಕೆ ಹೋಗುವಾಗ ಯಾರೂ ಆಫ್ ಮಾಡಲ್ಲ, ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಓಡಿಸ್ತಿದ್ರೆ 220 ಡಿಗ್ರಿ ಹಿಡ್ಕೊಳ್ಳೋಕೆ ಅವು ಆನ್ ಆಫ್ ಆಗ್ತಾನೇ ಇರ್ತವೆ, ಸಣ್ಣ ಮಷೀನಲ್ಲೂ ಹೀಟರ್ ಲೋಡೇ ಆರೇಳು ಕಿಲೋವ್ಯಾಟ್ ಇರತ್ತೆ. ಮೇನ್ ಕೇಬಲ್ ಮೇಲೆ ಕೂತಿರೋ ಕ್ಲ್ಯಾಂಪಿಗೆ ಅದು ಹೀಟರ್ರಾ ಪಂಪಾ ಹೇಗೆ ಗೊತ್ತಾಗ್ಬೇಕು?

ಕಂಪ್ಲೇಂಟ್ ಮಾಡಿದ್ಮೇಲೆ ಥ್ರೆಶೋಲ್ಡ್, ಅಂದ್ರೆ ಇಷ್ಟು ಕರೆಂಟ್ ದಾಟಿದ್ರೆ ಮಾತ್ರ 'ರನ್ನಿಂಗ್' ಅನ್ನೋ ಮಿತಿ, ಏರಿಸಿದ್ರು. ಆಗ ಇನ್ನೊಂದು ತಮಾಷೆ ಶುರು. ದಪ್ಪ ಗೋಡೆ ಪಾರ್ಟ್ ಓಡಿಸುವಾಗ ಕೂಲಿಂಗ್ ಟೈಮ್ ಜಾಸ್ತಿ, ಆ ಹೊತ್ತಲ್ಲಿ ಪಂಪ್ ಮೇಲೆ ಲೋಡ್ ಇರಲ್ಲ, ಕರೆಂಟ್ ಬಿದ್ದೋಗತ್ತೆ, ಡಬ್ಬಿ ಪ್ರತಿ ಶಾಟಿಗೂ 'ಮಷೀನ್ ಸ್ಟಾಪ್' ಅಂತ ಮೆಸೇಜ್ ಕಳ್ಸತ್ತೆ, ಅದೂ ರಾತ್ರಿ ಎರಡು ಗಂಟೆಗೆ. ಕೊನೆಗೆ ಕ್ಲ್ಯಾಂಪನ್ನ ಮೋಟರ್ ಕೇಬಲ್‌ಗೇ ಹಾಕ್ಸಿದ್ವಿ, ಹೀಟರ್ ಗೊಂದಲ ಹೋಯ್ತು ಸರಿ, ಈಗ ಸೆಟ್ಟರ್ ಡೈ ಏರಿಸ್ತಾ ಮ್ಯಾನುವಲಲ್ಲಿ ಪಂಪ್ ಆನ್ ಇಟ್ಕೊಂಡ್ರೆ ಅದೂ ಪ್ರೊಡಕ್ಷನ್ ಲೆಕ್ಕಕ್ಕೆ! ಇದ್ರಲ್ಲಿ ತಲೆ ಕೆಡ್ಸಿದ್ದು ಏನಂದ್ರೆ ಥ್ರೆಶೋಲ್ಡ್ ಬದಲಾಯಿಸೋ ಪಾಸ್‌ವರ್ಡ್ ಅವರ ಹತ್ರ ಮಾತ್ರ, ಡೈ ಬದಲಾದಾಗೆಲ್ಲಾ ಫೋನ್ ಮಾಡಿ ಕಾಯ್ಬೇಕು, ನಮ್ಮ ಡೇಟಾನೇ ಎಕ್ಸೆಲ್‌ನಲ್ಲಿ ಬೇಕಂದ್ರೆ ದೊಡ್ಡ ಪ್ಲಾನ್ ತಗೋಬೇಕಂತೆ.

ಓಪಿಸಿ ಯುಎ, ಅಂದ್ರೆ ಮಷೀನಿನ ಕಂಟ್ರೋಲರೇ ನೆಟ್‌ವರ್ಕಲ್ಲಿ ಡೇಟಾ ಕೊಡೋ ವ್ಯವಸ್ಥೆ, ಹೊಸ ಮಷೀನಲ್ಲಿ ಮಾತ್ರ ಸಿಕ್ತು, ಮೋಲ್ಡಿಂಗ್ ಮಷೀನಿಗೆ ಅಂತಲೇ ಯೂರೋಮ್ಯಾಪ್ 77 ಅಂತ ಸ್ಟ್ಯಾಂಡರ್ಡ್ ಇದೆ, ಆಪ್ಷನ್ ಅಂತ ಬೇರೆ ದುಡ್ಡು. ಡೇಟಾ ಮಾತ್ರ ಚಿನ್ನ ಕಣ್ರೀ. ಶಾಟಿಂದ ಶಾಟಿಗೆ ಕುಶನ್ (ತುಂಬಿದ್ಮೇಲೆ ಸ್ಕ್ರೂ ಮುಂದೆ ಉಳಿಯೋ ಪ್ಲಾಸ್ಟಿಕ್) ಎಷ್ಟು ಉಳೀತು ಅಂತ ನೋಡ್ಬಹುದು, ಅದು ಕುಣಿಯೋಕೆ ಶುರುವಾದ್ರೆ ಪ್ಲಾಸ್ಟಿಕ್ ಹಿಂದಕ್ಕೆ ಸೋರದಂತೆ ತಡೆಯೋ ಚೆಕ್ ರಿಂಗ್ ಸವೆದಿರೋ ಸಾಧ್ಯತೆ ಜಾಸ್ತಿ, ಶಾರ್ಟ್ ಶಾಟ್ (ಪೂರ್ತಿ ತುಂಬದ ಪಾರ್ಟ್) ಬೀಳೋ ಮುಂಚೆನೇ ಸ್ಕ್ರೂ ಬಿಚ್ಚಿ ನೋಡ್ಬಹುದು. ಹಳೇ ಮಷೀನಿಗೆ ಇದರ ಆಸೆ ಬೇಡ.

ಇನ್ನು ನಮ್ಮ ಇಎಸ್‌ಪಿ32. ಪ್ಯಾನಲ್ಲಿಂದ ಮೂರೇ ಸಿಗ್ನಲ್: ಆಟೋ ಮೋಡ್, ಡೈ ಕ್ಲೋಸ್, ಪಾರ್ಟನ್ನ ಹೊರಗೆ ತಳ್ಳೋ ಎಜೆಕ್ಟರ್ ಮುಂದೆ. ಅಲ್ಲಿರೋದು 24 ವೋಲ್ಟ್, ಬೋರ್ಡಿಗೆ ತಡೆಯೋದು 3.3, ಮಧ್ಯೆ ಬೆಳಕಿನ ಮೂಲಕ ಸಿಗ್ನಲ್ ದಾಟ್ಸೋ ಆಪ್ಟೋಕಪ್ಲರ್ ಇರ್ಲೇಬೇಕು. ಆಟೋದಲ್ಲಿದ್ದು, ಡೈ ಮುಚ್ಚಿ, ಆಮೇಲೆ ಎಜೆಕ್ಟರ್ ಬಂದ್ರೆ ಮಾತ್ರ ಒಂದು ಶಾಟ್, ಹಾಗಾಗಿ ಎಜೆಕ್ಟರ್ ಎರಡು ಸಲ ಹೊಡೆಯೋ ಡೈನಲ್ಲೂ ಲೆಕ್ಕ ತಪ್ಪಲ್ಲ, ಸೆಟ್ಟಿಂಗ್ ಟೈಮೂ ಸೇರಲ್ಲ. ಬೋರ್ಡನ್ನ ಕಬ್ಬಿಣದ ಪ್ಯಾನಲ್ ಒಳಗೆ ಇಟ್ರೆ ವೈಫೈ ಸಿಗಲ್ಲ, ಪ್ಲಾಸ್ಟಿಕ್ ಡಬ್ಬಿಲಿ ಹೊರಗೆ ಅಂಟ್ಸಿ. ಮೂಲೇಲಿ ಬಿದ್ದಿದ್ದ ಹಳೇ ಪಿಸಿಲಿ ಈ ಡೇಟಾ ತಗೊಂಡು ಲೆಕ್ಕ ತೋರ್ಸೋ ನೋಡ್-ರೆಡ್ ಸಾಫ್ಟ್‌ವೇರ್ ಓಡತ್ತೆ. ಖರ್ಚು ಮಷೀನಿಗೆ ಎರಡು ಸಾವಿರದೊಳಗೆ, ಬಾಡಿಗೆ ಇಲ್ಲ. ಸೇಫ್ಟಿ ಗೇಟ್ ಸರ್ಕ್ಯೂಟ್‌ಗೆ ಮಾತ್ರ ಕೈ ಹಾಕ್ಬೇಡಿ, ಖಾಲಿ ಇರೋ ರಿಲೇ ಕಾಂಟ್ಯಾಕ್ಟ್ ಹುಡುಕ್ಕೊಳ್ಳಿ.

ನಾಲ್ಕು ಕ್ಯಾವಿಟಿ ಡೈನಲ್ಲಿ, ಅಂದ್ರೆ ಒಂದೇ ಶಾಟಿಗೆ ನಾಲ್ಕು ಪಾರ್ಟ್ ಬೀಳೋದ್ರಲ್ಲಿ, ಒಂದನ್ನ ಬ್ಲಾಕ್ ಮಾಡಿದ್ರೆ ನನ್ನ ಬೋರ್ಡಿಗೂ ಗೊತ್ತಾಗಲ್ಲ, ಬಾಡಿಗೆ ಡಬ್ಬಿಗೂ ಗೊತ್ತಾಗಲ್ಲ, ಸೂಪರ್‌ವೈಸರ್ ಬರೀಬೇಕು.

ನಂಗೆ ಸೋಲ್ಡರಿಂಗ್ ಅಭ್ಯಾಸ ಇದೆ, ಭಾನುವಾರ ಶೆಡ್ಡಲ್ಲಿ ಕೂರೋ ಚಟಾನೂ ಇದೆ, ಅದಕ್ಕೆ ಇದು ಹೊಂದ್ಕೊಂಡ್ತು. ಅಷ್ಟು ಪುರುಸೊತ್ತಿಲ್ಲ ಅನ್ನೋರು ಬಾಡಿಗೆ ಡಬ್ಬಿನೇ ತಗೊಳ್ಳಿ, ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ ಕ್ಲ್ಯಾಂಪ್ ಯಾವ ಕೇಬಲ್‌ಗೆ ಹಾಕ್ತೀರಿ, ಥ್ರೆಶೋಲ್ಡ್ ನಾವೇ ಬದಲಾಯಿಸ್ಬಹುದಾ ಅಂತ ಕೇಳಿ, ಬಾಯಲ್ಲಿ ಹೇಳಿದ್ರೆ ಸಾಲ್ದು, ಕೊಟೇಷನ್ನಲ್ಲೇ ಬರ್ಸ್ಕೊಳ್ಳಿ.